ಕಾರಿಗೆ ಆಯಿಲ್ ಟೆಂಪರೇಚರ್ ಗೇಜ್: ಸೆನ್ಸರ್ ಎಲ್ಲಿ ಕೂರಬೇಕು, ವೈರ್ ಎಲ್ಲಿಂದ ಬರಬೇಕು

ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರು ಕಡೆ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲಿ. ಆ ಬಿಸಿಲಲ್ಲಿ ನಾಲ್ಕು ಮಂದಿಯನ್ನು ಕೂರಿಸಿಕೊಂಡು, ಎಸಿ ಹಾಕಿಕೊಂಡು, ಹೊಸಪೇಟೆಯಿಂದ ಕೊಪ್ಪಳದ ಕಡೆ ನೂರರ ಮೇಲೆ ಓಡಿಸಿದರೂ ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ನಡುಮಧ್ಯದಿಂದ ಅಲುಗುವುದಿಲ್ಲ. ಆ ಮುಳ್ಳು ತೋರಿಸುವುದು ಎಂಜಿನ್ ತಣಿಸುವ ದ್ರವದ, ಅಂದರೆ ಕೂಲೆಂಟ್‌ನ ಬಿಸಿಯನ್ನು, ಆಯಿಲ್‌ನದನ್ನಲ್ಲ. ಅದನ್ನೂ ಪೂರ್ತಿ ತೋರಿಸುವುದಿಲ್ಲ. ಈಗಿನ ಬಹಳಷ್ಟು ಕಾರುಗಳಲ್ಲಿ ಕೂಲೆಂಟ್ ಸುಮಾರು 75ರಿಂದ 105 ಡಿಗ್ರಿಯೊಳಗೆ ಎಲ್ಲಿದ್ದರೂ ಮುಳ್ಳು ಒಂದೇ ಕಡೆ ನಿಲ್ಲುವಂತೆ ಕಂಪನಿಯವರೇ ಮಾಡಿರುತ್ತಾರೆ. ಇನ್ನು ಕೆಲವು ಗಾಡಿಗಳಲ್ಲಿ ಮುಳ್ಳೇ ಇಲ್ಲ, ಒಂದು ಕೆಂಪು ದೀಪ ಅಷ್ಟೆ.

ಆಯಿಲ್‌ನ ದಾರಿಯೇ ಬೇರೆ. ಬಳ್ಳಾರಿಯ ರಾಯಲ್ ಸರ್ಕಲ್‌ನ ಟ್ರಾಫಿಕ್‌ನಲ್ಲಿ ನಿಂತಾಗ ಏರುವುದು ಕೂಲೆಂಟ್. ಫ್ಯಾನ್ ತಿರುಗಿದರೆ ಅದು ಇಳಿಯುತ್ತದೆ. ಆಯಿಲ್ ಏರುವುದು ಎಂಜಿನ್ ಸುತ್ತು ಮತ್ತು ಲೋಡ್ ಹೆಚ್ಚಾದಾಗ, ಅದರಲ್ಲೂ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ಸಮ ಓಡಿಸಿದಾಗ, ಸಂಡೂರಿನ ಘಾಟಿಯನ್ನು ಎರಡನೇ, ಮೂರನೇ ಗೇರಿನಲ್ಲಿ ಹತ್ತಿದಾಗ. ಇದನ್ನು ಕಣ್ಣಿಗೆ ಕಾಣುವಂತೆ ಮಾಡಲು ಬೇರೆ ಗೇಜ್ ಬೇಕು. ಗೇಜ್‌ನ ಡಯಲ್ ಎಷ್ಟು ಚೆನ್ನಾಗಿದೆ ಎಂಬುದಕ್ಕಿಂತ ಸೆನ್ಸರ್ ಎಲ್ಲಿ ಕೂತಿದೆ, ಅದರ ಅರ್ಥಿಂಗ್ (ಬ್ಯಾಟರಿ ಮೈನಸ್‌ಗೆ ಸಂಪರ್ಕ) ಹೇಗಿದೆ ಎಂಬುದೇ ಮುಖ್ಯ. ದುಡ್ಡು ಎಷ್ಟೇ ಸುರಿದರೂ ಇವೆರಡು ಕೆಟ್ಟರೆ ಗೇಜ್ ಸುಳ್ಳು ಹೇಳುತ್ತದೆ.

ಕೊಳ್ಳುವ ಮುಂಚೆ ಒಂದು ಪರೀಕ್ಷೆ

ಸ್ಟೀರಿಂಗ್ ಕೆಳಗಿನ, ಎಂಜಿನ್ ತಪಾಸಣೆಗೆಂದು ಇರುವ ಒಬಿಡಿ ಸಾಕೆಟ್‌ಗೆ ಚಿಕ್ಕ ಬ್ಲೂಟೂತ್ ಅಡಾಪ್ಟರ್ ಹಾಕಿ, ಮೊಬೈಲ್ ಆ್ಯಪ್‌ನಲ್ಲಿ ಆಯಿಲ್ ಟೆಂಪರೇಚರ್ ಬರುತ್ತದೆಯೇ ನೋಡಿ. ಕೆಲವು ಕಾರುಗಳಲ್ಲಿ ಬರುತ್ತದೆ. ಬಂದರೆ ಮುಂದಿನ ಕೆಲಸವೇ ಬೇಕಾಗದಿರಬಹುದು. ಆದರೆ ಕೆಲವು ಗಾಡಿಗಳಲ್ಲಿ ಅಲ್ಲಿ ನಿಜವಾದ ಸೆನ್ಸರ್ ಇರುವುದಿಲ್ಲ, ಎಂಜಿನ್‌ನ ಕಂಪ್ಯೂಟರ್ ಆದ ಇಸಿಯು ಲೆಕ್ಕ ಹಾಕಿ ಒಂದು ಅಂದಾಜು ಅಂಕಿ ಕೊಡುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಿನಿಂದ ಆಯಿಲ್ ಅಂಕಿ ಕೂಲೆಂಟ್ ಅಂಕಿಯ ಬೆನ್ನಿಗೇ ಹತ್ತುತ್ತಿದ್ದರೆ ಅನುಮಾನ ಪಡಬೇಕು. ನಿಜವಾದ ಆಯಿಲ್ ಕೂಲೆಂಟ್‌ಗಿಂತ ಬಹಳ ನಿಧಾನಕ್ಕೆ ಬಿಸಿಯಾಗುತ್ತದೆ.

ಗಾಡಿ ವಾರಂಟಿಯಲ್ಲಿದ್ದರೆ ವೈರಿಂಗ್‌ಗೆ, ಎಂಜಿನ್‌ಗೆ ಕೈ ಹಾಕುವ ಮುಂಚೆ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ಆಮೇಲೆ ಎಂಜಿನ್‌ನಲ್ಲಿ ಬೇರೇನೋ ಕೆಟ್ಟರೂ ಮಾತು ಇದರ ಮೇಲೆಯೇ ಬರುತ್ತದೆ.

ಏನೇನು ಬೇಕು

52 ಎಂಎಂ ಅಥವಾ 60 ಎಂಎಂ ಸೈಜಿನ ಎಲೆಕ್ಟ್ರಿಕ್ ಗೇಜ್, 150 ಡಿಗ್ರಿವರೆಗೆ ತೋರಿಸುವಂಥದ್ದು. 120ಕ್ಕೇ ಮುಗಿಯುವ ಡಯಲ್ ಕೂಲೆಂಟ್‌ಗೆ ಮಾಡಿದ್ದು, ಆಯಿಲ್‌ಗೆ ಸಾಲದು. ತಾಮ್ರದ ಸಣ್ಣ ಕೊಳವೆಯಿಂದ ಕೆಲಸ ಮಾಡುವ ಮೆಕ್ಯಾನಿಕಲ್ ಗೇಜ್ ಹಳೆಯ ಜೀಪಿಗೆ ಸರಿ. ಕಾರಿನಲ್ಲಿ ಆ ಕೊಳವೆಯನ್ನು ಮಡಚದೆ ಒಳಗೆ ತರುವುದು ಕಷ್ಟ, ಮಡಚಿದರೆ ಗೇಜೇ ಹೋಯಿತು.

ಸೆನ್ಸರ್ ಮತ್ತು ಗೇಜ್ ಒಂದೇ ಕಂಪನಿಯ ಒಂದೇ ಸೆಟ್ ಆಗಿರಲಿ. ಸೆನ್ಸರ್ ಒಳಗಿರುವುದು ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಕಡಿಮೆಯಾಗುವ ಒಂದು ಬಿಲ್ಲೆ. ಯಾವ ಡಿಗ್ರಿಗೆ ಎಷ್ಟು ಓಮ್ ಎಂಬ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ. ಒಬ್ಬರ ಗೇಜ್‌ಗೆ ಇನ್ನೊಬ್ಬರ ಸೆನ್ಸರ್ ಹಾಕಿದರೆ ಮುಳ್ಳು ಓಡಾಡುತ್ತದೆ, ಅಂಕಿ ಮಾತ್ರ ತಪ್ಪಿರುತ್ತದೆ. ಮುಳ್ಳು ಓಡಾಡುತ್ತಿರುವುದರಿಂದ ಅದು ತಪ್ಪೆಂದು ಯಾರಿಗೂ ತಿಳಿಯುವುದಿಲ್ಲ.

ತ್ರೆಡ್, ಅಂದರೆ ತಿರುಪಿನ ಸುತ್ತಿನ ವಿಷಯದಲ್ಲಿ ಇನ್ನೊಂದು ಗೊಂದಲ. ಅಮೆರಿಕದ ಸೆಟ್‌ಗಳಲ್ಲಿ ಸಾಮಾನ್ಯವಾಗಿ 1/8 ಎನ್‌ಪಿಟಿ ಇರುತ್ತದೆ, ಇಂಚಿಗೆ 27 ಸುತ್ತು. ಜಪಾನಿನ ಸೆಟ್‌ಗಳಲ್ಲಿ 1/8 ಪಿಟಿ ಇರುತ್ತದೆ, ಬಿಎಸ್‌ಪಿಟಿ ಅಂದರೂ ಅದೇ, ಇಂಚಿಗೆ 28 ಸುತ್ತು. ಕೈಯಲ್ಲಿ ತಿರುಗಿಸಿದರೆ ಎರಡೂ ಒಂದರೊಳಗೊಂದು ಮೂರು ಸುತ್ತು ಹೋಗುತ್ತವೆ, ಆಮೇಲೆ ಪಾನಾ ಹಾಕಿದರೆ ತ್ರೆಡ್ ತಿನ್ನುತ್ತದೆ, ಆಯಿಲ್ ಒಸರುತ್ತದೆ. ಸೆನ್ಸರ್ ಕೊಂಡಲ್ಲಿಯೇ ಅಡಾಪ್ಟರ್ ಕೊಂಡರೆ ಈ ತಲೆನೋವಿಲ್ಲ.

ಉಳಿದದ್ದೆಲ್ಲ ಊರಲ್ಲೇ ಸಿಗುತ್ತದೆ: 0.75 ಸ್ಕ್ವೇರ್ ಎಂಎಂ ಆಟೋ ವೈರ್ ನಾಲ್ಕು ಬಣ್ಣದಲ್ಲಿ ಮೂರು ಮೂರು ಮೀಟರ್, ಕಪ್ಪು ಫ್ಲೆಕ್ಸಿಬಲ್ ಪೈಪ್, ಫ್ಯೂಸ್ ಬಾಕ್ಸ್‌ನಿಂದ ಹೊಸ ಲೈನ್ ತೆಗೆಯುವ ಫ್ಯೂಸ್ ಟ್ಯಾಪ್ ಒಂದೆರಡು, 3 ಆಂಪಿಯರ್ ಫ್ಯೂಸ್, ರಿಂಗ್ ಟರ್ಮಿನಲ್, ಹೀಟ್ ಶ್ರಿಂಕ್ ಸ್ಲೀವ್, ಕೇಬಲ್ ಟೈ, ಹೊಸ ಆಯಿಲ್ ಫಿಲ್ಟರ್, ಹಳೆಯ ಆಯಿಲ್ ಇಳಿಸಲು ಬಿಚ್ಚುವ ಡ್ರೇನ್ ಬೋಲ್ಟ್‌ನ ಹೊಸ ವಾಷರ್, ಮ್ಯಾನ್ಯುವಲ್ ಹೇಳಿದಷ್ಟು ಆಯಿಲ್. ಮಲ್ಟಿಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಆಯಿಲ್ ಬದಲಿಸುವ ಹೊತ್ತಿಗೇ ಇದನ್ನು ಇಟ್ಟುಕೊಂಡರೆ ಆಯಿಲ್ ಖರ್ಚು ಪ್ರತ್ಯೇಕ ಬೀಳುವುದಿಲ್ಲ.

ಸೆನ್ಸರ್‌ಗೆ ಜಾಗ

ಇಲ್ಲಿ ಅವಸರ ಬೇಡ. ಸಾಮಾನ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಸ್ಯಾಂಡ್‌ವಿಚ್ ಪ್ಲೇಟ್. ಎಂಜಿನ್ ಬ್ಲಾಕ್ ಮತ್ತು ಆಯಿಲ್ ಫಿಲ್ಟರ್ ನಡುವೆ ಕೂರುವ ಅಲ್ಯೂಮಿನಿಯಂ ಬಿಲ್ಲೆ ಇದು, ಪಕ್ಕದಲ್ಲಿ ಸೆನ್ಸರ್‌ಗೆ ಹೋಲ್ ಇರುತ್ತದೆ. ಪಂಪಿನಿಂದ ಬಂದ ಆಯಿಲ್ ಸೆನ್ಸರ್ ತುದಿಯನ್ನು ತೊಳೆದುಕೊಂಡೇ ಹೋಗುವುದರಿಂದ ರೀಡಿಂಗ್ ಬೇಗ ಬರುತ್ತದೆ, ನಂಬಲೂಬಹುದು. ಕೊಳ್ಳುವಾಗ ಫಿಲ್ಟರ್ ತ್ರೆಡ್ ಗೊತ್ತಿರಬೇಕು. ಎಂ20×1.5 ಮತ್ತು 3/4-16 ಯುಎನ್‌ಎಫ್ ಹೆಚ್ಚು ಬಳಕೆಯಲ್ಲಿರುವವು, ನೋಡಲು ಅವಳಿ ಜವಳಿ. ಹಳೆಯ ಫಿಲ್ಟರನ್ನೇ ಅಂಗಡಿಗೆ ಒಯ್ದು ಪ್ಲೇಟಿನ ಬೋಲ್ಟ್ ಮೇಲೆ ಕೈಯಲ್ಲೇ ಕೊನೆವರೆಗೆ ತಿರುಗಿಸಿ ನೋಡಿ. ಪ್ಲೇಟ್ ಹಾಕಿದ ಮೇಲೆ ಫಿಲ್ಟರ್ ಮೂರು ಸೆಂಟಿಮೀಟರ್‌ನಷ್ಟು ಹೊರಗೆ ಬರುತ್ತದೆ. ಅಷ್ಟು ಜಾಗ ಇದೆಯೇ, ಎಂಜಿನ್ ಕೆಳಗಿನ ಅಡ್ಡಪಟ್ಟಿಗೆ (ಕ್ರಾಸ್ ಮೆಂಬರ್), ಸೈಲೆನ್ಸರ್ ಪೈಪಿಗೆ ತಗಲುತ್ತದೆಯೇ ಅಳೆದುಕೊಳ್ಳಿ. ಮಾರುತಿಯ ಹಳೆಯ 1.3 ಡಿಡಿಐಎಸ್ ಡೀಸೆಲ್‌ನಂಥ ಎಂಜಿನ್‌ಗಳಲ್ಲಿ ತಿರುಗಿಸಿ ಹಾಕುವ ಡಬ್ಬಿ ಫಿಲ್ಟರ್ ಇಲ್ಲ, ಒಳಗೆ ಕಾಗದದ ಎಲಿಮೆಂಟ್ ಇರುತ್ತದೆ. ಅಲ್ಲಿ ಈ ದಾರಿ ಮುಚ್ಚಿದಂತೆಯೇ.

ಎರಡನೆಯದು ಡ್ರೇನ್ ಬೋಲ್ಟ್ ಜಾಗದಲ್ಲಿ ಸೆನ್ಸರ್ ಇರುವ ಅಡಾಪ್ಟರ್ ಬೋಲ್ಟ್. ಅಗ್ಗ, ಸುಲಭ. ಆದರೆ ಎಂಜಿನ್ ಕೆಳಗೆ ಆಯಿಲ್ ತುಂಬಿರುವ ಚೇಂಬರ್‌ನ ತಳದಲ್ಲಿ ಸೆನ್ಸರ್ ನೇತಾಡುತ್ತದೆ. ಹಳ್ಳಿ ಹಳ್ಳಿಗೂ ಇರುವ ಹಂಪ್, ತೋರಣಗಲ್ಲು, ಸಂಡೂರು ಕಡೆ ಅದಿರು ಲಾರಿ ಓಡಾಡಿ ಕಿತ್ತ ರಸ್ತೆಯ ಕಲ್ಲು, ಇವುಗಳಲ್ಲಿ ಒಂದು ತಗುಲಿದರೂ ಸೆನ್ಸರ್ ಮುರಿದು ಆಯಿಲ್ ಪೂರ್ತಿ ರಸ್ತೆಗೆ. ಬೋಲ್ಟ್ ಹಿಂದಕ್ಕೆ ಅಥವಾ ಪಕ್ಕಕ್ಕೆ ಮುಖ ಮಾಡಿದ್ದರೆ, ಕೆಳಗೆ ಗಟ್ಟಿ ಗಾರ್ಡ್ ಇದ್ದರೆ ಮಾತ್ರ ಇದಕ್ಕೆ ಒಪ್ಪಬಹುದು. ನೇರ ನೆಲಕ್ಕೆ ಮುಖ ಮಾಡಿದ ಡ್ರೇನ್ ಬೋಲ್ಟ್‌ಗೆ ಬೇಡವೇ ಬೇಡ.

ಅಡಾಪ್ಟರ್ ಸಿಗದಿದ್ದರೆ ಲೇಥ್ ಅಂಗಡಿಯಲ್ಲಿ ಮಾಡಿಸುವವರಿದ್ದಾರೆ. ಎಂ14, ಅಂದರೆ 14 ಎಂಎಂ ದಪ್ಪದ ಬೋಲ್ಟ್‌ನಲ್ಲಿ 1/8 ಎನ್‌ಪಿಟಿ ತ್ರೆಡ್‌ಗೆ ಸುಮಾರು 8.5 ಎಂಎಂ ಹೋಲ್ ಬೇಕು. ಆ ತ್ರೆಡ್ಡನ್ನು ಬೋಲ್ಟ್‌ನ ದಪ್ಪ ತಲೆಯ ಭಾಗದಲ್ಲೇ ಹೊಡೆಸಿ, ಕೆಳಗಿನ ಕಾಲಿನಲ್ಲಿ ಸೆನ್ಸರ್ ತುದಿ ಹಾಯುವಷ್ಟು ಹೋಲ್ ಮಾತ್ರ ಇರಲಿ. ಎಂ12 ಬೋಲ್ಟ್‌ನಲ್ಲಿ ಇದನ್ನು ಮಾಡಿಸಿದರೆ ಸುತ್ತ ಉಳಿಯುವ ಲೋಹ ತೀರಾ ತೆಳು, ಬಿಗಿ ಮಾಡುವಾಗಲೇ ತುಂಡಾಗಬಹುದು.

ಮೂರನೆಯದು ಚೇಂಬರ್ ಬಿಚ್ಚಿ ಪಕ್ಕದಲ್ಲಿ ಬುಷ್ ವೆಲ್ಡ್ ಮಾಡಿಸುವುದು. ತಗಡಿನ ಚೇಂಬರ್‌ಗೆ ಇದು ಒಳ್ಳೆಯ ಕೆಲಸ. ಗಾಡಿಯ ಮೇಲಿರುವಾಗಲೇ ಹೋಲ್ ಹೊಡೆಯುತ್ತೇನೆ ಎನ್ನುವವರ ಕೈಗೆ ಮಾತ್ರ ಕೊಡಬೇಡಿ, ಲೋಹದ ಪುಡಿ ಒಳಗೆ ಬಿದ್ದರೆ ಬೇರಿಂಗ್‌ಗೆ ಕುತ್ತು.

ಆಯಿಲ್ ಪ್ರೆಶರ್ ಸ್ವಿಚ್ ಬಿಚ್ಚಿ ಅಲ್ಲಿ ಟಿ ಆಕಾರದ ಜೋಡಣೆ ಹಾಕಿ ಟೆಂಪರೇಚರ್ ಸೆನ್ಸರ್ ಕೂರಿಸುವ ನಾಲ್ಕನೆಯ ಪದ್ಧತಿಯೂ ಓಡಾಟದಲ್ಲಿದೆ. ಅಲ್ಲಿ ಪ್ರೆಶರ್ ಇರುತ್ತದೆ, ಹರಿವು ಇರುವುದಿಲ್ಲ. ಕಾಲುವೆ ಪಕ್ಕದ ಹೊಂಡದಲ್ಲಿ ನಿಂತ ನೀರಿನ ಹಾಗೆ ಆಯಿಲ್ ಆ ಟಿ ಒಳಗೆ ಸುಮ್ಮನೆ ನಿಂತಿರುತ್ತದೆ, ಎಂಜಿನ್ ಒಳಗೆ 120 ಇದ್ದರೂ ಗೇಜ್ 90 ತೋರಿಸಬಹುದು. ಪ್ರೆಶರ್ ಗೇಜ್‌ಗೆ ಸರಿಯಾದ ಜಾಗ ಟೆಂಪರೇಚರ್‌ಗೆ ಸರಿಯಲ್ಲ.

ಕುದಿಯುವ ನೀರಿನ ಪರೀಕ್ಷೆ

ಗಾಡಿಗೆ ಹಾಕುವ ಮುಂಚೆಯೇ ಗೇಜ್ ಸರಿ ಇದೆಯೇ ನೋಡಿಕೊಳ್ಳಬೇಕು. ಗೇಜ್‌ನ ಪ್ಲಸ್, ಮೈನಸ್ ವೈರ್‌ಗಳನ್ನು ಬ್ಯಾಟರಿಗೆ ಕೊಡಿ, ಸೆನ್ಸರ್ ವೈರ್ ಜೋಡಿಸಿ. ಒಂದೇ ವೈರ್‌ನ ಸೆನ್ಸರ್ ಆದರೆ ಅದರ ಹಿತ್ತಾಳೆ ಮೈಗೆ ಬ್ಯಾಟರಿ ಮೈನಸ್‌ನಿಂದ ಇನ್ನೊಂದು ವೈರ್ ಬೇಕು. ಆಮೇಲೆ ಸೆನ್ಸರ್ ತುದಿಯನ್ನು ಮಾತ್ರ ಕುದಿಯುವ ನೀರಿನಲ್ಲಿ ಇಳಿಬಿಡಿ. ಕನೆಕ್ಟರ್ ನೆನೆಯಬಾರದು, ತುದಿ ಪಾತ್ರೆಯ ತಳ ಮುಟ್ಟಬಾರದು. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಊರುಗಳು ಸಮುದ್ರಮಟ್ಟಕ್ಕಿಂತ ಸುಮಾರು 400ರಿಂದ 500 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 100ಕ್ಕಲ್ಲ, 98-99ಕ್ಕೇ ಕುದಿಯುತ್ತದೆ. ಗೇಜ್ 95ರಿಂದ 102ರೊಳಗೆ ನಿಂತರೆ ಸಾಕು. 85 ಅಥವಾ 115 ತೋರಿಸಿದರೆ ಸೆಟ್ ವಾಪಸ್ ಕೊಡಿ. ಎಂಜಿನ್‌ಗೆ ಹಾಕಿದ ಮೇಲೆ ಈ ತಪ್ಪು ಹಿಡಿಯುವುದು ಬಲು ಕಷ್ಟ.

ಕೂರಿಸುವುದು

ಎಂಜಿನ್ ಉಗುರುಬೆಚ್ಚಗಿರಲಿ, ಸುಡುವಷ್ಟು ಬೇಡ. ಸಮನೆಲದಲ್ಲಿ ನಿಲ್ಲಿಸಿ, ಜಾಕಿ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲಷ್ಟೇ ಕೆಳಗೆ ಹೋಗಿ. ಬರೀ ಜಾಕಿ ನಂಬಿ, ಇಟ್ಟಿಗೆ ನಂಬಿ ತಲೆ ಹಾಕಬೇಡಿ. ಬ್ಯಾಟರಿ ಮೈನಸ್ ಬಿಚ್ಚಿ. ಆಯಿಲ್ ಇಳಿಸಿ, ಫಿಲ್ಟರ್ ತೆಗೆಯಿರಿ, ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಬ್ಲಾಕಿಗೇ ಅಂಟಿಕೊಂಡಿಲ್ಲ ಎಂದು ಬೆರಳಾಡಿಸಿ ನೋಡಿ. ಅದರ ಮೇಲೆ ಇನ್ನೊಂದು ರಿಂಗ್ ಕೂತರೆ ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಚಿಮ್ಮುತ್ತದೆ. ಇಳಿಸಿದ ಆಯಿಲ್ ಡಬ್ಬದಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ, ಮೋರಿಗೆ, ಕಾಲುವೆಗೆ ಸುರಿಯಬೇಡಿ.

ಸೆನ್ಸರನ್ನು ಮೊದಲು ಪ್ಲೇಟಿಗೆ ಮೇಜಿನ ಮೇಲೇ ಕೂರಿಸಿ. ಅದರ ತುದಿ ನಡುವಿನ ಬೋಲ್ಟಿಗೆ ತಾಗಬಾರದು, ಆಯಿಲ್ ದಾರಿಯೊಳಗೆ ಚಾಚಿಕೊಂಡಿರಬೇಕು. ಕೈಯಲ್ಲಿ ಬಿಗಿಯಾದ ಮೇಲೆ ಪಾನಾದಿಂದ ಒಂದೂವರೆ ಸುತ್ತು, ಹೆಚ್ಚೆಂದರೆ ಎರಡು. ಇದು ಶಂಕುವಿನಾಕಾರದ ತ್ರೆಡ್, ತಳ ಮುಟ್ಟಿ ನಿಲ್ಲುವುದಿಲ್ಲ. ತಿರುಗಿಸುತ್ತಾ ಹೋದರೆ ಅಲ್ಯೂಮಿನಿಯಂ ಸೀಳುತ್ತದೆ.

ಸೋರಿಕೆಗೆಂದು ಟೆಫ್ಲಾನ್ ಟೇಪ್ ಸುತ್ತುವುದು ಎಲ್ಲರ ಕೈಗೆ ರೂಢಿಯಾದ ಕೆಲಸ. ಇಲ್ಲಿ ಅದರಿಂದ ಎರಡು ತೊಂದರೆ. ಟೇಪಿನ ಚೂರು ಕಳಚಿ ಆಯಿಲ್ ದಾರಿಗೆ ಹೋಗಬಹುದು. ಜೊತೆಗೆ, ಒಂದೇ ವೈರ್‌ನ ಸೆನ್ಸರ್‌ಗೆ ಅರ್ಥಿಂಗ್ ಸಿಗುವುದು ಈ ತ್ರೆಡ್‌ನಿಂದಲೇ, ದಪ್ಪಗೆ ಸುತ್ತಿದ ಟೇಪ್ ಅದನ್ನು ಕೆಡಿಸುತ್ತದೆ. ಆಯಿಲ್ ತಡೆಯುವ ದ್ರವರೂಪದ ತ್ರೆಡ್ ಸೀಲಂಟ್ ತಂದು, ತುದಿಯ ಎರಡು ಸುತ್ತು ಬಿಟ್ಟು ತೆಳ್ಳಗೆ ಹಚ್ಚಿ. ಪ್ಲೇಟಿನಲ್ಲಿ ಉಳಿದ ಹೋಲ್‌ಗಳ ಪ್ಲಗ್‌ಗಳಿಗೂ ಹೀಗೇ ಮಾಡಿ. ಸೆನ್ಸರ್ ಸುತ್ತ ಆಯಿಲ್ ಕಂಡಾಗ ಬಹಳ ಸಲ ಒಸರುತ್ತಿರುವುದು ಪಕ್ಕದ ಪ್ಲಗ್.

ಪ್ಲೇಟಿನ ಒ-ರಿಂಗ್‌ಗೆ ಹೊಸ ಆಯಿಲ್ ಸವರಿ, ಬ್ಲಾಕಿಗೆ ಕೂರಿಸಿ, ನಡುವಿನ ಬೋಲ್ಟನ್ನು ಪ್ಲೇಟ್ ಕಂಪನಿ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ. ಬಿಗಿಯಾಗುವಾಗ ಪ್ಲೇಟ್ ತಾನೂ ತಿರುಗಲು ನೋಡುತ್ತದೆ, ಸೆನ್ಸರ್ ಎಕ್ಸಾಸ್ಟ್ ಕಡೆ ತಿರುಗದಂತೆ ಇನ್ನೊಂದು ಕೈಯಲ್ಲಿ ಹಿಡಿದಿರಿ. ಫಿಲ್ಟರ್ ರಬ್ಬರ್ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಈಗ ಮಲ್ಟಿಮೀಟರ್ ಓಮ್‌ನಲ್ಲಿಟ್ಟು ಒಂದು ಪ್ರೋಬ್ ಸೆನ್ಸರ್‌ನ ಮೈಗೆ, ಇನ್ನೊಂದು ಬ್ಯಾಟರಿಯ ಮೈನಸ್ ಕೇಬಲ್ ತುದಿಗೆ ಹಿಡಿಯಿರಿ. ಒಂದು ಓಮ್‌ಗಿಂತ ಕಡಿಮೆ ಬರಬೇಕು. ಬಣ್ಣದ ಅನೋಡೈಸ್ಡ್ ಪ್ಲೇಟ್ ಕರೆಂಟ್ ಬಿಡುವುದಿಲ್ಲ, ಎರಡೂ ಬದಿ ರಬ್ಬರ್ ಬೇರೆ. ಓಮ್ ಹೆಚ್ಚು ಬಂದರೆ ಸೆನ್ಸರ್‌ನ ಮೈಗೆ ಕ್ಲಿಪ್ ಹಾಕಿ ಬ್ಲಾಕ್‌ನ ಯಾವುದಾದರೂ ಬೋಲ್ಟ್‌ಗೆ ಪ್ರತ್ಯೇಕ ಅರ್ಥ್ ವೈರ್ ಎಳೆಯಿರಿ. ಎರಡು ವೈರ್‌ನ ಸೆನ್ಸರ್‌ಗೆ ಈ ರಗಳೆ ಇಲ್ಲ. ಸಿಕ್ಕರೆ ಅದನ್ನೇ ಕೊಳ್ಳಿ.

ವೈರಿಂಗ್

ವೈರ್‌ಗಳನ್ನು ಫ್ಲೆಕ್ಸಿಬಲ್ ಪೈಪಿನಲ್ಲಿ ಹಾಕಿ, ಎಕ್ಸಾಸ್ಟ್ ಮತ್ತು ಫ್ಯಾನ್‌ನಿಂದ ದೂರ ತಂದು, ಎಂಜಿನ್ ಅಲುಗಾಡುವುದರಿಂದ ಸೆನ್ಸರ್ ಬಳಿ ಸ್ವಲ್ಪ ಸಡಿಲು ಬಿಡಿ. ಒಳಗೆ ತರಲು, ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಾದ ಫೈರ್‌ವಾಲ್‌ನಲ್ಲಿ ಹೊಸ ಹೋಲ್ ಕೊರೆಯಬೇಡಿ. ಬಾನೆಟ್ ಕೇಬಲ್ ಅಥವಾ ದೊಡ್ಡ ವೈರಿಂಗ್ ಕಟ್ಟು ಹಾದುಹೋಗುವ ರಬ್ಬರ್ ಬುಷ್‌ನಲ್ಲೇ ಸಣ್ಣ ತೂತು ಮಾಡಿ, ಗಟ್ಟಿ ತಂತಿಗೆ ವೈರ್ ಕಟ್ಟಿ ಎಳೆದುಕೊಳ್ಳಿ. ಬರೀ ತಗಡಿನ ಅಂಚು ವೈರ್‌ನ ಮೇಲ್ಪದರವನ್ನು ಆರು ತಿಂಗಳಲ್ಲಿ ಕತ್ತರಿಸುತ್ತದೆ.

ಗೇಜ್‌ಗೆ ಸಾಮಾನ್ಯವಾಗಿ ನಾಲ್ಕು ಸಂಪರ್ಕ: ಯಾವಾಗಲೂ ಇರುವ 12 ವೋಲ್ಟ್, ಕೀ ಹಾಕಿದಾಗ ಬರುವ 12 ವೋಲ್ಟ್, ಪಾರ್ಕಿಂಗ್ ದೀಪದ ಲೈನ್, ಅರ್ಥ್. ಬಣ್ಣ ನಂಬಬೇಡಿ, ಪೆಟ್ಟಿಗೆಯೊಳಗಿನ ಕಾಗದ ನೋಡಿ. ಮೊದಲೆರಡು ಅದಲುಬದಲಾದರೆ ಗೇಜ್ ರಾತ್ರಿಯಿಡೀ ಉರಿದು ಬ್ಯಾಟರಿ ಇಳಿಯುತ್ತದೆ.

ಕೀ ಲೈನ್‌ಗೆ ಮತ್ತು ಸದಾ ಇರುವ ಲೈನ್‌ಗೆ ಫ್ಯೂಸ್ ಬಾಕ್ಸ್‌ನಲ್ಲಿ ಫ್ಯೂಸ್ ಟ್ಯಾಪ್ ಹಾಕಿ. ಕೀ ಲೈನ್‌ಗೆ ವೈಪರ್, ಚಾರ್ಜಿಂಗ್ ಸಾಕೆಟ್‌ನಂಥವು ಆಗಬಹುದು. ಏರ್‌ಬ್ಯಾಗ್, ಎಬಿಎಸ್, ಇಸಿಯು ಫ್ಯೂಸ್‌ಗಳ ತಂಟೆಗೆ ಹೋಗಬೇಡಿ. ಇದಕ್ಕಾಗಿ ಬ್ಯಾಟರಿ ಮೈನಸ್ ಸ್ವಲ್ಪ ಹೊತ್ತು ಜೋಡಿಸಿಕೊಂಡು, ಫ್ಯೂಸ್ ತೆಗೆದು ಕೀ ಆನ್ ಮಾಡಿ ಎರಡು ಸಂದಿಗಳಲ್ಲಿ ಯಾವುದರಲ್ಲಿ 12 ವೋಲ್ಟ್ ಇದೆ ಅಳೆಯಿರಿ, ಆಮೇಲೆ ಮತ್ತೆ ಬಿಚ್ಚಿ. ಟ್ಯಾಪ್‌ನ ಹೊಸ ವೈರ್ ಹೊರಟ ಬದಿಯ ಕಾಲು ಅದರ ಎದುರಿನ, ಕರೆಂಟ್ ಇಲ್ಲದ ಸಂದಿಗೆ ಹೋಗಬೇಕು. ತಿರುಗಿಸಿ ಹಾಕಿದರೂ ಗೇಜ್ ನಡೆಯುತ್ತದೆ, ಆದರೆ ಅದರ ಕರೆಂಟ್ ಹಳೆಯ ಫ್ಯೂಸ್ ಮೂಲಕವೇ ಹರಿಯುತ್ತದೆ. ಹೊಸ ಸಾಲಿಗೆ 3 ಆಂಪಿಯರ್ ಸಾಕು.

ಅರ್ಥ್ ವೈರ್ ಡ್ಯಾಶ್ ಕೆಳಗಿನ ಬಣ್ಣ ಕೆರೆದ ಲೋಹದ ಬೋಲ್ಟ್‌ಗೆ ರಿಂಗ್ ಟರ್ಮಿನಲ್‌ನಿಂದ. ಸ್ಟೀರಿಯೊ ಅರ್ಥ್‌ಗೆ ಜೋಡಿಸಿದರೆ ಹಾಡು ಜೋರಾದಾಗ ಮುಳ್ಳು ಕುಣಿಯುವುದುಂಟು. ವೈರ್ ತಿರುಚಿ ಟೇಪ್ ಸುತ್ತುವುದು ಬೇಡ. ನಮ್ಮ ಸೆಕೆಗೆ ಟೇಪಿನ ಅಂಟು ಕರಗಿ ಮೊದಲ ಬೇಸಿಗೆಗೇ ಬಿಚ್ಚಿಕೊಳ್ಳುತ್ತದೆ. ಕ್ರಿಂಪ್ ಮಾಡಿ ಹೀಟ್ ಶ್ರಿಂಕ್ ಹಾಕಿ. ಸೆನ್ಸರ್ ಕನೆಕ್ಟರ್‌ಗೆ ರಬ್ಬರ್ ಬೂಟ್ ಇಲ್ಲದಿದ್ದರೆ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ, ಕೆಂಪು ಧೂಳು ಮಳೆನೀರಿನ ಜೊತೆ ಸೇರಿ ಪಿನ್‌ಗಳನ್ನು ತಿನ್ನುತ್ತದೆ.

ಗೇಜ್ ಎಲ್ಲಿ ಕಾಣಬೇಕು ಎಂಬುದು ನಿಮ್ಮಿಷ್ಟ, ಎರಡು ಕಡೆ ಬಿಟ್ಟು. ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಮುಂದಿನ ಗಾಜಿನ ಪಕ್ಕದ ಕಂಬದ ಮೇಲೆ ಬೇಡ, ಪಕ್ಕದ ಸೀಟಿನ ಎದುರು ಏರ್‌ಬ್ಯಾಗ್ ಮುಚ್ಚಳದ ಮೇಲೂ ಬೇಡ. ಬ್ಯಾಗ್ ಬಿಚ್ಚಿಕೊಂಡರೆ ಗೇಜ್ ಗುಂಡಿನಂತೆ ಬರುತ್ತದೆ.

ಸ್ಟಾರ್ಟ್ ಮಾಡಿದ ಮೇಲೆ

ಆಯಿಲ್ ತುಂಬಿ, ಬ್ಯಾಟರಿ ಜೋಡಿಸಿ, ಸ್ಟಾರ್ಟ್ ಮಾಡಿ. ಆಯಿಲ್ ಪ್ರೆಶರ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ತಕ್ಷಣ ಬಂದ್ ಮಾಡಿ. ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಟಾರ್ಚ್ ಹಿಡಿದು ಪ್ಲೇಟಿನ ಸುತ್ತ ನೋಡಿ. ಬಂದ್ ಮಾಡಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಕಡಿಮೆಯಿದ್ದಷ್ಟು ತುಂಬಿ. ಮಾರನೆಯ ದಿನ, ಎಂಜಿನ್ ಪೂರ್ತಿ ಬಿಸಿಯಾಗಿ ತಣಿದ ಮೇಲೆ, ಮತ್ತೊಮ್ಮೆ ಕೆಳಗೆ ಬಗ್ಗಿ ನೋಡಿ. ಬಿಸಿಯಲ್ಲಿ ಮಾತ್ರ ಒಸರುವ ಜಾಗಗಳು ಆಗ ಕಾಣುತ್ತವೆ.

ಮುಳ್ಳು ಸರಿಯಿಲ್ಲದಿದ್ದರೆ ಹುಡುಕುವ ದಾರಿ ಹೀಗೆ. ಕೀ ಹಾಕಿದ ಕೂಡಲೇ ಮುಳ್ಳು ಕೊನೆಗೆ ಹೋಗಿ ಕೂತರೆ ಸೆನ್ಸರ್ ವೈರ್ ಎಲ್ಲೋ ಗಾಡಿಯ ಲೋಹದ ಮೈಗೆ ತಾಗಿದೆ. ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಇಳಿಯುವುದರಿಂದ ಶಾರ್ಟ್ ಆದ ವೈರ್ ಗೇಜ್‌ಗೆ ಬೆಂಕಿಯಂತೆ ಕಾಣುತ್ತದೆ. ಮುಳ್ಳು ಏಳುವುದೇ ಇಲ್ಲವಾದರೆ ವೈರ್ ತುಂಡಾಗಿದೆ ಅಥವಾ ಕನೆಕ್ಟರ್ ಕೂತಿಲ್ಲ. ಹೆಡ್‌ಲೈಟ್, ಫ್ಯಾನ್ ಹಾಕಿದಾಗ ಅಂಕಿ ಜಿಗಿದರೆ ಅರ್ಥಿಂಗ್. ಸ್ಟಾರ್ಟರ್ ತಿರುಗುವಾಗ ಗೇಜ್ ಆರಿ ಹೊತ್ತಿದರೆ ಆರಿಸಿಕೊಂಡ ಫ್ಯೂಸ್ ಕ್ರ್ಯಾಂಕಿಂಗ್‌ನಲ್ಲಿ ಕಡಿತವಾಗುವಂಥದ್ದು. ತೊಂದರೆಯಿಲ್ಲ, ಬೇಕಾದರೆ ಬೇರೆ ಫ್ಯೂಸ್ ಹುಡುಕಿ.

ಅಂಕಿ ಓದುವುದು

ಮೊದಲ ಹತ್ತು-ಹದಿನೈದು ನಿಮಿಷ ಆಯಿಲ್ ಕೂಲೆಂಟ್‌ಗಿಂತ ಹಿಂದೆಯೇ ಇರುತ್ತದೆ. 70 ದಾಟುವವರೆಗೆ ಮೂರು ಸಾವಿರ ಸುತ್ತಿನ ಮೇಲೆ ಒಯ್ಯಬೇಡಿ. ಹೆದ್ದಾರಿಯಲ್ಲಿ 90ರಿಂದ 110 ಆರೋಗ್ಯದ ಅಂಕಿ. ನಮ್ಮ ಬೇಸಿಗೆಯಲ್ಲಿ, ಅದರಲ್ಲೂ ಟರ್ಬೊ ಗಾಡಿಯಲ್ಲಿ, 115-120 ಕಂಡರೆ ಗಾಬರಿ ಬೇಡ. 130ಕ್ಕೆ ಬಂದರೆ ವೇಗ ಇಳಿಸಿ, ಮೇಲಿನ ಗೇರ್ ಹಾಕಿ. ಇಪ್ಪತ್ತು ಕಿಲೋಮೀಟರ್ ವೇಗ ಕಡಿಮೆ ಮಾಡಿದರೆ ಕೆಲವೇ ನಿಮಿಷದಲ್ಲಿ ಮುಳ್ಳು ಇಳಿಯುವುದು ಕಾಣುತ್ತದೆ. 140ರ ಮೇಲೂ ಏರುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ ಐಡಲ್‌ನಲ್ಲಿ ಬಿಟ್ಟು ಇಳಿಯಲು ಬಿಡಿ. ಪ್ರೆಶರ್ ದೀಪ ಹತ್ತಿದರೆ ಮಾತ್ರ ಆ ಕ್ಷಣವೇ ಎಂಜಿನ್ ಬಂದ್.

ಮೊದಲು ಬರದಿದ್ದ ಅಂಕಿ ಈಗ ಬರುತ್ತಿದ್ದರೆ ಡಿಪ್‌ಸ್ಟಿಕ್ ನೋಡಿ. ಕಡಿಮೆಯಾದರೂ ಬಿಸಿ, ಮಿತಿ ಮೀರಿ ತುಂಬಿದರೂ ಒಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಅದನ್ನು ಕಡೆದು ಬಿಸಿ. ಆಮೇಲೆ ರೇಡಿಯೇಟರ್ ಮುಂದಿನ ಎಸಿ ಕಂಡೆನ್ಸರ್. ಸಂಡೂರು ಕಡೆ ಓಡುವ ಗಾಡಿಗಳಲ್ಲಿ ಅದಿರಿನ ಧೂಳು, ಗಂಗಾವತಿ, ಸಿಂಧನೂರು ಕಡೆ ಸುಗ್ಗಿಯಲ್ಲಿ ಭತ್ತದ ಹೊಟ್ಟು ಅದರ ರೆಕ್ಕೆಗಳ ನಡುವೆ ತುಂಬಿರುತ್ತದೆ. ಕಡಿಮೆ ಪ್ರೆಶರ್ ನೀರಿನಿಂದ ಒಳಗಿನಿಂದ ಹೊರಕ್ಕೆ ತೊಳೆಯಿರಿ, ವಾಷಿಂಗ್ ಸೆಂಟರ್‌ನ ಜೆಟ್ ಹತ್ತಿರ ಹಿಡಿದರೆ ರೆಕ್ಕೆ ಮಡಚಿಕೊಳ್ಳುತ್ತವೆ.

ಉಲ್ಟಾ ಸಮಸ್ಯೆಯೂ ಇದೆ. ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ ಅಂತ ಮೂರು ಕಿಲೋಮೀಟರ್ ಓಡುವ ಗಾಡಿಯಲ್ಲಿ ಆಯಿಲ್ 70 ಮುಟ್ಟುವುದೇ ಅಪರೂಪ. ಒಳಗಿನ ನೀರಿನಂಶ, ಪೆಟ್ರೋಲ್ ಅಂಶ ಆವಿಯಾಗದೆ ಉಳಿದು, ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ನೊರೆ ಕಾಣುತ್ತದೆ. ಅಂಥ ಗಾಡಿಗೆ ವಾರಕ್ಕೊಮ್ಮೆ ಅರ್ಧ ಗಂಟೆ ಹೆದ್ದಾರಿ ಓಟ ಕೊಡಿ, ಆಯಿಲನ್ನು ಕಿಲೋಮೀಟರ್ ಲೆಕ್ಕದ ಬದಲು ತಿಂಗಳ ಲೆಕ್ಕದಲ್ಲಿ ಬದಲಿಸಿ.

ಮುಂದಿನ ಸರ್ವಿಸ್‌ಗೆ ಗಾಡಿ ಬಿಡುವಾಗ ಸೆನ್ಸರ್ ಇದೆ ಎಂದು ಮೆಕ್ಯಾನಿಕ್‌ಗೆ ಮೊದಲೇ ಹೇಳಿ. ಡ್ರೇನ್ ಬೋಲ್ಟ್ ಸೆನ್ಸರ್ ಆದರೆ ಪಾನಾ ಹಾಕುವ ಮುಂಚೆ ಕನೆಕ್ಟರ್ ಬಿಚ್ಚಬೇಕು, ಇಲ್ಲದಿದ್ದರೆ ಬೋಲ್ಟ್ ಜೊತೆ ವೈರ್ ತಿರುಚಿ ಕಿತ್ತು ಬರುತ್ತದೆ. ಸ್ಯಾಂಡ್‌ವಿಚ್ ಪ್ಲೇಟ್ ಆದರೆ ಫಿಲ್ಟರ್ ಬಿಚ್ಚುವಾಗ ಪ್ಲೇಟೂ ಸಡಿಲಾಗಬಹುದು. ಹೊಸ ಫಿಲ್ಟರ್ ಹಾಕುವ ಮುಂಚೆ ನಡುವಿನ ಬೋಲ್ಟ್ ಒಮ್ಮೆ ಬಿಗಿ ನೋಡಿಸಿ.